ಹಣ್ಣಿನ ಸಿಪ್ಪೆ, ಕರಟ, ರದ್ದಿ ಕಾಗದಗಳಿಂದ ಬೇಸಿಗೆಯ ಮನೆ ಸಿಂಗಾರ: ಮಾಡುವ ಬಗೆ

ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದ ಮೇಲೆ, ಜೂನ್ ತಿಂಗಳಲ್ಲಿ ಮುಂಗಾರು ಹಿಡಿದುಕೊಳ್ಳುವವರೆಗೆ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಿಗೆ ಸಿಗುವ ಒಣ ಹವೆಯ ಕಾಲ ಹೆಚ್ಚೆಂದರೆ ಮೂರು ತಿಂಗಳು. ಕಾಫಿ ತೋಟಗಳಿಗೆ ಬೇಕಾದ ಹೂಮಳೆ ನಡುವೆ ಒಂದೆರಡು ಸಲ ಬಂದು ಹೋದರೂ ಮರುದಿನವೇ ಬಿಸಿಲು ಮರಳುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳೆಲ್ಲ ಅಂಗಳಕ್ಕೆ ಇಳಿಯುವ ಈ ಕಾಲವೇ ಹಣ್ಣಿನ ವಿನ್ಯಾಸದ ಅಲಂಕಾರಗಳನ್ನು ಮಾಡಿಕೊಳ್ಳುವುದಕ್ಕೂ ಸರಿಯಾದದ್ದು. ಏಕೆಂದರೆ ಕೆಳಗೆ ಹೇಳಿರುವ ವಸ್ತುಗಳಲ್ಲಿ ಮುಕ್ಕಾಲು ಪಾಲು ಒಣಗಬೇಕಾದವು. ಅರೆಬರೆ ಒಣಗಿದ್ದು ಮಲೆನಾಡಿನ ಮಳೆಗಾಲದ ಮೊದಲ ವಾರದಲ್ಲೇ ಬೂಸ್ಟು ಹಿಡಿಯುತ್ತದೆ. ಬಣ್ಣಕ್ಕಿಂತ, ಗೋಂದಿಗಿಂತ, ಕೈಚಳಕಕ್ಕಿಂತ ಹೆಚ್ಚಾಗಿ ಈ ಕೆಲಸಕ್ಕೆ ಬೇಕಾದದ್ದು ಬಿಸಿಲು, ಮತ್ತು ಆ ಬಿಸಿಲು ಸಿಗುವ ದಿನಗಳನ್ನು ಲೆಕ್ಕವಿಟ್ಟು ಬಳಸುವ ತಾಳ್ಮೆ.

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಹಣ್ಣುಗಳ ಗೊಂಚಲು ತಂದು ಗೋಡೆಗೆ ನೇತುಹಾಕುವುದು ಸುಲಭವೇ. ಆದರೆ ಆ ಪ್ಲಾಸ್ಟಿಕ್ಕಿನ ಸೇಬು, ದ್ರಾಕ್ಷಿಗಳಿಗೂ ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಕೊಯ್ಯುವ, ತಿನ್ನುವ, ನೆರೆಯವರಿಗೆ ಹಂಚುವ ಹಣ್ಣುಗಳಿಗೂ ಸಂಬಂಧವಿಲ್ಲ. ಮಾವು, ಹಲಸು, ಕಲ್ಲಂಗಡಿ, ಮೂಸಂಬಿ, ನಿಂಬೆ, ಬೆಣ್ಣೆಹಣ್ಣು, ಅನಾನಸ್ ಇವುಗಳನ್ನು ತಿಂದಾದ ಮೇಲೆ ಉಳಿಯುವ ಸಿಪ್ಪೆ, ಬೀಜ, ಜುಟ್ಟುಗಳ ಜೊತೆಗೆ ಮನೆಯಲ್ಲೇ ಬಿದ್ದಿರುವ ಹಳೆಯ ಪತ್ರಿಕೆ, ಲಗ್ನಪತ್ರಿಕೆ, ಕರಟ, ಹಳೆಯ ಹತ್ತಿ ಸೀರೆಗಳನ್ನು ಸೇರಿಸಿದರೆ ಬೇಕಾದದ್ದೆಲ್ಲ ಕೈಗೆ ಸಿಕ್ಕಂತೆಯೇ. ಹೊಸದಾಗಿ ಕೊಳ್ಳಬೇಕಾಗಿ ಬರುವುದು ಒಂದು ಸಣ್ಣ ಡಬ್ಬಿ ಫೆವಿಕಾಲ್, ಕೆಂಪು, ಹಳದಿ, ಹಸಿರು, ಬಿಳಿ ಬಣ್ಣಗಳ ಒಂದೊಂದು ಶೀಶೆ, ಬಟ್ಟೆಗೆ ಹಾಕುವ ಬಣ್ಣ ಒಂದೆರಡು, ಒಂದು ಉಂಡೆ ಸೆಣಬಿನ ದಾರ, ಒಂದು ಹಾಳೆ ಉಪ್ಪುಕಾಗದ, ಇಷ್ಟೇ.

ಕೆಲಸ ಆರಂಭಿಸುವ ಮೊದಲು ಜಾಗ ಗೊತ್ತುಮಾಡಿಕೊಳ್ಳಬೇಕು. ಮನೆಯ ತುಂಬ ಹಣ್ಣುಗಳು ತೂಗಾಡಿದರೆ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ. ಬೆಳಕು ಬರುವ ಒಂದು ಕಿಟಕಿ, ಜಗುಲಿಯ ಒಂದು ತೊಲೆ, ಊಟದ ಮೇಜು ಅಥವಾ ಹಜಾರದ ಒಂದು ಮೂಲೆ, ಇವುಗಳಲ್ಲಿ ಎರಡನ್ನು ಆರಿಸಿಕೊಂಡು, ಒಂದೊಂದು ಜಾಗಕ್ಕೂ ಒಂದೇ ಹಣ್ಣನ್ನು ಅಥವಾ ಒಂದೇ ಬಣ್ಣದ ಕುಟುಂಬವನ್ನು ನಿಗದಿಪಡಿಸುವುದು ನನ್ನ ಸಲಹೆ. ಕಿಟಕಿಗೆ ಮೂಸಂಬಿ ಮತ್ತು ನಿಂಬೆಯ ಹಳದಿ, ಮೇಜಿಗೆ ಹಲಸು ಮತ್ತು ಮಾವು ಎಂದಿಟ್ಟುಕೊಂಡರೆ ಮುಂದಿನ ಆಯ್ಕೆಗಳೆಲ್ಲ ಹಗುರವಾಗುತ್ತವೆ.

ಒಣಗಿಸಿದ ಹಣ್ಣಿನ ತೋರಣ

ತೋರಣಕ್ಕೆ ಬಿಲ್ಲೆಗಳಾಗಿ ಹೆಚ್ಚಲು ಮೂಸಂಬಿ ಮತ್ತು ನಿಂಬೆಯೇ ಒಳ್ಳೆಯವು. ಕಾಫಿ ತೋಟಗಳಲ್ಲಿ ಬೆಳೆಯುವ ನಮ್ಮ ಕಿತ್ತಳೆಯ ಸಿಪ್ಪೆ ಸಡಿಲವಾಗಿರುವುದರಿಂದ ಅದನ್ನು ಅಡ್ಡಲಾಗಿ ಹೆಚ್ಚಿದಾಗ ತೊಳೆಗಳು ಸಿಪ್ಪೆಯಿಂದ ಬಿಟ್ಟುಕೊಂಡು ಉದುರುತ್ತವೆ. ಮೂಸಂಬಿಯ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಬಿಲ್ಲೆ ಇಡಿಯಾಗಿ ನಿಲ್ಲುತ್ತದೆ. ತೀರ ಮಾಗಿ ಮೆತ್ತಗಾದ ಹಣ್ಣು ಬೇಡ. ಗಟ್ಟಿಯಾದ, ಕಲೆಯಿಲ್ಲದ ಹಣ್ಣನ್ನು ತೊಳೆದು ಒರೆಸಿ, ತೊಟ್ಟಿನಿಂದ ತಳಕ್ಕೆ ಸೀಳದೆ ಅಡ್ಡಲಾಗಿ ಹೆಚ್ಚಿದರೆ ತೊಳೆಗಳು ಚಕ್ರದ ಅರೆಗಳಂತೆ ಕಾಣುತ್ತವೆ. ಮೂಸಂಬಿಯ ಬಿಲ್ಲೆ ಸುಮಾರು 5 ಮಿಲಿಮೀಟರ್, ನಿಂಬೆಯದು 4 ಮಿಲಿಮೀಟರ್ ದಪ್ಪವಿರಲಿ. ಇದಕ್ಕಿಂತ ತೆಳುವಾದರೆ ಒಣಗುವಾಗ ಸುರುಟಿಕೊಳ್ಳುತ್ತದೆ, ದಪ್ಪವಾದರೆ ನಡುಭಾಗ ಹಸಿಯಾಗಿ ಉಳಿದು ಕಪ್ಪಾಗುತ್ತದೆ. ಚಾಕುವಿನ ತುದಿಯಿಂದ ಬೀಜಗಳನ್ನು ತೆಗೆದು, ಬಿಲ್ಲೆಗಳನ್ನು ಎರಡು ಮಡಿಕೆ ಒಣ ಬಟ್ಟೆಯ ನಡುವೆ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಈ ಒತ್ತುವಿಕೆಯಲ್ಲಿ ಬಟ್ಟೆ ಹೀರುವ ರಸದಷ್ಟು ಬಿಸಿಲಿನ ಕೆಲಸ ಕಡಿಮೆಯಾಗುತ್ತದೆ, ಆದ್ದರಿಂದ ಇದನ್ನು ಬಿಡುವಂತಿಲ್ಲ.

ಬಿಲ್ಲೆಗಳನ್ನು ಸ್ಟೀಲ್ ತಟ್ಟೆಯ ಮೇಲೆ ಒಣಹಾಕಬಾರದು, ಅಡಿಭಾಗ ಬೆವರುತ್ತದೆ. ಬಿದಿರಿನ ಮೊರದ ಮೇಲೆ ಹಳೆಯ ಸೊಳ್ಳೆಪರದೆಯ ತುಂಡನ್ನು ಹಾಸಿ, ಅದರ ಮೇಲೆ ಒಂದಕ್ಕೊಂದು ತಾಗದಂತೆ ಬಿಲ್ಲೆಗಳನ್ನಿಟ್ಟು, ನೊಣ ಮತ್ತು ಧೂಳು ಕೂರದಂತೆ ತೆಳುವಾದ ಹತ್ತಿ ಬಟ್ಟೆ ಮುಚ್ಚಿ, ಮೊರವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿ ಇಡಬೇಕು. ಹೀಗೆ ಮಾಡಿದರೆ ಗಾಳಿ ಕೆಳಗಿನಿಂದಲೂ ಆಡುತ್ತದೆ. ದಿನಕ್ಕೆ ಎರಡು ಸಲ ಮಗುಚಿ ಹಾಕಿ, ಸಂಜೆ ಇಬ್ಬನಿ ಇಳಿಯುವ ಮೊದಲೇ ಒಳಗೆ ತರಬೇಕು. ಅರಸೀಕೆರೆ, ಕಡೂರಿನ ಕಡೆಯ ಬಯಲುಸೀಮೆಯ ಬಿಸಿಲಿನಲ್ಲಿ ಮೂರು ನಾಲ್ಕು ದಿನಗಳಲ್ಲಿ ಆಗುವ ಕೆಲಸಕ್ಕೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ, ಮರದ ನೆರಳು ಮತ್ತು ತಂಪಿನಿಂದಾಗಿ, ಐದಾರು ದಿನ ಬೇಕಾಗಬಹುದು. ಮೋಡ ಕವಿದು ಹೂಮಳೆಯ ಸೂಚನೆ ಕಂಡರೆ ಕಾಯುತ್ತಾ ಕೂರುವುದು ಬೇಡ. ಮನೆಯಲ್ಲಿ ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಬಾಗಿಲನ್ನು ಸ್ವಲ್ಪವೇ ತೆರೆದಿಟ್ಟು, ಅರ್ಧ ಗಂಟೆಗೊಮ್ಮೆ ಮಗುಚುತ್ತಾ ಸುಮಾರು ಮೂರು ಗಂಟೆ ಇಟ್ಟು ಕೆಲಸ ಮುಗಿಸಿಕೊಳ್ಳಬಹುದು. ಬಿಲ್ಲೆಯ ನಟ್ಟನಡುವೆ ಬೆರಳಿನಿಂದ ಒತ್ತಿದಾಗ ಅಂಟದಿದ್ದರೆ, ಬೆಳಕಿಗೆ ಹಿಡಿದಾಗ ತೊಳೆಗಳು ಕಂದು ಗಾಜಿನಂತೆ ಪಾರದರ್ಶಕವಾಗಿ ಕಂಡರೆ, ಒಣಗಿದೆ ಎಂದು ತಿಳಿಯಬೇಕು. ನೇತುಹಾಕಿದ ಮೇಲೆ ಇರುವೆ ಹತ್ತಿದರೆ ಅದು ಬಹುತೇಕ ತೇವ ಉಳಿದಿರುವುದರ ಗುರುತು. ಇಳಿಸಿ ಇನ್ನೊಂದು ದಿನ ಬಿಸಿಲಿಗೆ ಇಡಬೇಕು.

ಕಿತ್ತಳೆಯ ಸಿಪ್ಪೆಯೂ ವ್ಯರ್ಥವಲ್ಲ. ಗೊಜ್ಜಿಗೆ ಎತ್ತಿಟ್ಟು ಉಳಿದ ಸಿಪ್ಪೆಯನ್ನು ಹಸಿಯಾಗಿರುವಾಗಲೇ ಕತ್ತರಿಯಿಂದ ಎಲೆ, ವೃತ್ತ, ನಕ್ಷತ್ರಗಳ ಆಕಾರಕ್ಕೆ ಕತ್ತರಿಸಿ, ಒಳಗಿನ ಬಿಳಿ ನಾರನ್ನು ಚಮಚದ ಅಂಚಿನಿಂದ ಕೆರೆದು, ದಾರಕ್ಕೆ ಬೇಕಾದ ರಂಧ್ರಗಳನ್ನು ಆಗಲೇ ದಪ್ಪ ಸೂಜಿಯಿಂದ ಚುಚ್ಚಿಡಬೇಕು. ಒಣಗಿದ ಮೇಲೆ ಚುಚ್ಚಲು ಹೋದರೆ ಸಿಪ್ಪೆ ಸೀಳಿಬಿಡುತ್ತದೆ. ಮೊದಲ ರಾತ್ರಿ ಎರಡು ಕಾಗದಗಳ ನಡುವೆ ಇಟ್ಟು ಮೇಲೆ ಭಾರವಾದ ಪುಸ್ತಕ ಹೇರಿದರೆ ಚಪ್ಪಟೆಯಾಗಿ ನಿಲ್ಲುತ್ತದೆ, ಅನಂತರ ಎರಡು ದಿನದ ಬಿಸಿಲು ಸಾಕು.

ಪೋಣಿಸುವಾಗ ಬಿಲ್ಲೆಯ ತಿರುಳಿನಲ್ಲಿ ಅಲ್ಲ, ಸಿಪ್ಪೆಗೆ ತಾಗಿದಂತಿರುವ ಅಂಚಿನಲ್ಲಿ, ಒಂದಂಗುಲ ಅಂತರದ ಎರಡು ಕಡೆ ಸೂಜಿ ಹಾಯಿಸಬೇಕು. ಒಂದೇ ರಂಧ್ರವಿದ್ದರೆ ಗಾಳಿಗೆ ಬಿಲ್ಲೆ ತಿರುಗಿ ಅಡ್ಡಲಾಗಿ ನಿಲ್ಲುತ್ತದೆ. ಎರಡಿದ್ದರೆ ಮುಖ ಎದುರಿಗೇ ಇರುತ್ತದೆ. ಎರಡು ಮೂಸಂಬಿ ಬಿಲ್ಲೆಗಳಿಗೆ ಒಂದು ನಿಂಬೆ, ನಡುನಡುವೆ ಕಿತ್ತಳೆ ಸಿಪ್ಪೆಯ ಎಲೆ ಎಂಬ ಕ್ರಮದಲ್ಲಿ ಸೆಣಬಿನ ದಾರಕ್ಕೆ ಪೋಣಿಸಿ, ಪ್ರತಿ ಬಿಲ್ಲೆಯ ಎರಡೂ ಪಕ್ಕ ಸಣ್ಣ ಗಂಟು ಹಾಕಿದರೆ ಒಂದರ ಮೇಲೊಂದು ಜಾರುವುದಿಲ್ಲ. ಪೂರ್ವದ ಕಿಟಕಿಗೆ ಇದನ್ನು ಕಟ್ಟಿದರೆ ಬೆಳಗಿನ ಬೆಳಕು ಬಿಲ್ಲೆಗಳ ಮೂಲಕವೇ ಹಾದುಬರುತ್ತದೆ. ದೇವರ ಮನೆಯ ದೀಪದ ಹತ್ತಿರ ಅಥವಾ ಒಲೆಯ ಮೇಲ್ಭಾಗದಲ್ಲಿ ಮಾತ್ರ ಕಟ್ಟಬಾರದು. ಒಣ ಸಿಪ್ಪೆಯಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತದೆ.

ಲಗ್ನಪತ್ರಿಕೆಯ ಕಲ್ಲಂಗಡಿ

ಮದುವೆಗಳ ಕಾಲದಲ್ಲಿ ಮನೆಗೆ ಬರುವ ಲಗ್ನಪತ್ರಿಕೆಗಳು ಗಟ್ಟಿ ರಟ್ಟಿನವು, ಮುಗಿದ ಮೇಲೆ ಯಾವ ಕೆಲಸಕ್ಕೂ ಬಾರದೆ ಕಪಾಟಿನಲ್ಲಿ ಕೂರುತ್ತವೆ. ದೇವರ ಚಿತ್ರವಿರುವ ಭಾಗವನ್ನು ಕತ್ತರಿಸಿ ಬೇರೆ ಇಟ್ಟು, ಉಳಿದದ್ದನ್ನು ಬಳಸಬಹುದು. 15 ಸೆಂಟಿಮೀಟರ್ ಅಗಲದ ತಿಂಡಿ ತಟ್ಟೆಯನ್ನು ಬೋರಲು ಹಾಕಿ ಸುತ್ತ ಗೆರೆ ಎಳೆದು ಕತ್ತರಿಸಿ, ನಡುವೆ ಮಡಿಸಿ ಎರಡು ಅರ್ಧವೃತ್ತ ಮಾಡಿಕೊಳ್ಳಬೇಕು. ಹೊರ ಅಂಚಿನಲ್ಲಿ ಒಂದು ಸೆಂಟಿಮೀಟರ್ ಕಡುಹಸಿರು, ಅದರ ಒಳಗೆ ಅರ್ಧ ಸೆಂಟಿಮೀಟರ್ ಬಿಳಿ, ಉಳಿದದ್ದೆಲ್ಲ ಕೆಂಪು. ಆ ಸಣ್ಣ ಬಿಳಿ ಪಟ್ಟಿಯನ್ನು ಬಿಟ್ಟರೆ ಕಲ್ಲಂಗಡಿ ಕಲ್ಲಂಗಡಿಯಂತೆ ಕಾಣುವುದಿಲ್ಲ, ಅದನ್ನು ಅವಸರದಲ್ಲಿ ನುಂಗಿಹಾಕಬಾರದು. ಮುದ್ರಿತ ಅಕ್ಷರಗಳು ಬಣ್ಣದಡಿ ಇಣುಕಿದರೆ ಮೊದಲು ಬಿಳಿ ಬಣ್ಣದ ಒಂದು ಲೇಪ ಕೊಟ್ಟು ಒಣಗಿಸಿಕೊಳ್ಳಬೇಕು.

ಬೀಜಗಳನ್ನು ಬರೆಯುವ ಅಗತ್ಯವಿಲ್ಲ, ತಿಂದ ಹಣ್ಣಿನ ಬೀಜಗಳನ್ನೇ ಅಂಟಿಸಬಹುದು. ಜರಡಿಯಲ್ಲಿ ಹಾಕಿ ನೀರಿನಡಿ ಉಜ್ಜಿ ಲೋಳೆ ಹೋಗಲಾಡಿಸಿ, ಒಂದು ದಿನ ನೆರಳಿನಲ್ಲಿ, ಒಂದು ದಿನ ಬಿಸಿಲಿನಲ್ಲಿ ಒಣಗಿಸಿದ ಬೀಜಕ್ಕೆ ಒಂದೊಂದು ಹನಿ ಫೆವಿಕಾಲ್ ಸಾಕು. ಚೂಪಾದ ತುದಿ ಒಳಕ್ಕೆ, ಅಂದರೆ ಅರ್ಧವೃತ್ತದ ಕೇಂದ್ರದ ಕಡೆಗೆ ತೋರುವಂತೆ ಅಂಟಿಸಿದರೆ ಜೋಡಣೆ ಸಹಜವಾಗಿ ಕಾಣುತ್ತದೆ. ಹತ್ತು ಹನ್ನೆರಡು ತುಂಡುಗಳನ್ನು ದಾರಕ್ಕೆ ಸಾಲಾಗಿ ಕಟ್ಟಿದರೆ ಜಗುಲಿಯ ಒಂದು ತೊಲೆಗೆ ಸಾಲುತ್ತದೆ. ರಜೆಗೆ ಬಂದ ಮಕ್ಕಳ ಕೈಗೆ ಕೊಡಲು ಇಡೀ ಲೇಖನದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಕಾಗದದ ಹಿಟ್ಟಿನ ಹಲಸು ಮತ್ತು ಮಾವು

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹಲಸಿನ ಹೆಸರು ಕೇಳದವರು ಈ ಭಾಗದಲ್ಲಿ ವಿರಳ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯೊಬ್ಬಳ ಮೇಲ್ಭಾಗದ ಬಳ್ಳಿಯ ಕೆತ್ತನೆಯಲ್ಲಿ ಹಲಸಿನ ಹಣ್ಣು, ಅದರ ಮೇಲೆ ಕುಳಿತ ನೊಣ, ಆ ನೊಣಕ್ಕೆ ಹೊಂಚುಹಾಕಿದ ಹಲ್ಲಿಯನ್ನು ನೋಡಿರಬಹುದು. 1117ರಲ್ಲಿ ಪ್ರತಿಷ್ಠೆಗೊಂಡ ದೇವಾಲಯದ ಶಿಲ್ಪಿಗಳು ತಮ್ಮ ಸುತ್ತಲಿನ ಹಣ್ಣನ್ನು ಅಷ್ಟು ಹತ್ತಿರದಿಂದ ನೋಡಿ ಕಲ್ಲಿಗೆ ತಂದರು. ಮೇಜಿನ ಮೇಲಿಡಲು ಒಂದು ಪುಟ್ಟ ಹಲಸನ್ನು ಮಾಡುವವರೂ ಮೊದಲು ನಿಜವಾದ ಹಣ್ಣೊಂದನ್ನು ಎದುರಿಗಿಟ್ಟುಕೊಂಡು ನೋಡಬೇಕು. ಅದರ ಬಣ್ಣ ಬರಿಯ ಹಸಿರಲ್ಲ. ಹಳದಿ ಬೆರೆತ ಹಸಿರು, ಮುಳ್ಳುಗಳ ನಡುವೆ ಕಂದು. ಆಕಾರವೂ ಸರಿಯಾದ ಮೊಟ್ಟೆಯಲ್ಲ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿರುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ಹಳ್ಳಿಯ ಮನೆಗಳಲ್ಲಿ ರದ್ದಿ ಕಾಗದವನ್ನು ನೆನೆಸಿ ರುಬ್ಬಿ, ಮೆಂತ್ಯ ಬೆರೆಸಿ ಬುಟ್ಟಿಗಳನ್ನು ಮಾಡುತ್ತಿದ್ದರು. ಅದೇ ಹಿಟ್ಟು ಇಲ್ಲಿಗೂ ಸಾಕು. ನೆನೆಸಿದ ಮೆಂತ್ಯದ ಲೋಳೆ ಕಾಗದದ ನಾರುಗಳನ್ನು ಬಂಧಿಸುತ್ತದೆ, ಅದರ ಕಹಿ ಹುಳುಗಳನ್ನು ದೂರವಿಡುತ್ತದೆ. ಕಾಲು ಕಿಲೋ ಹಳೆಯ ಪತ್ರಿಕೆಗೆ 25ರಿಂದ 30 ಗ್ರಾಂ ಮೆಂತ್ಯ ಸಾಕಾಗುತ್ತದೆ. ಪತ್ರಿಕೆಯನ್ನು ಅಂಗೈಯಗಲದ ಚೂರುಗಳಾಗಿ ಹರಿದು (ಕತ್ತರಿಸಿದರೆ ನಾರು ಬಿಡುವುದಿಲ್ಲ, ಹರಿಯಲೇಬೇಕು) ಎರಡು ದಿನ ನೀರಿನಲ್ಲಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಬೇಕು. ಮೆಂತ್ಯವನ್ನು ಹಿಂದಿನ ರಾತ್ರಿ ಬೇರೆ ನೆನೆಹಾಕಬೇಕು. ಕಾಗದವನ್ನು ಒರಳಿನಲ್ಲಿ ರುಬ್ಬುವುದು ಉತ್ತಮ. ಮಿಕ್ಸಿಯೇ ಆಗಬೇಕೆಂದರೆ ಅಡುಗೆಗೆ ಬಳಸದ ಹಳೆಯ ಜಾರಿನಲ್ಲಿ, ಒಂದು ಹಿಡಿ ಕಾಗದಕ್ಕೆ ಎರಡು ಲೋಟ ನೀರು ಹಾಕಿ, ಕೆಲವೇ ಸೆಕೆಂಡುಗಳಂತೆ ಬಿಟ್ಟು ಬಿಟ್ಟು ತಿರುಗಿಸಬೇಕು, ಇಲ್ಲವಾದರೆ ನಾರು ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ. ರುಬ್ಬಿದ್ದನ್ನು ಬಟ್ಟೆಯಲ್ಲಿ ಹಿಂಡಿ, ರುಬ್ಬಿದ ಮೆಂತ್ಯ ಮತ್ತು ಒಂದು ಚಮಚ ಉಪ್ಪು ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಾಗದದ ಕೆಲಸಕ್ಕೆ ಹುಳು ಬೀಳದಿರಲೆಂದು ಗೋಂದಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವ ಪದ್ಧತಿ ಹಿಂದೆ ಇತ್ತು. ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ತಂದ ಮೈಲುತುತ್ತ ಬೇಸಿಗೆಯ ಕೊನೆಯಲ್ಲಿ ಕೈಗೆಟಕುವಂತೆಯೇ ಇರುತ್ತದೆ, ಆದ್ದರಿಂದ ಒಂದು ಚಿಟಿಕೆ ಹಾಕಿಬಿಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ಅದು ವಿಷ. ಮಕ್ಕಳು ಮುಟ್ಟುವ, ಬಾಯಿಗಿಡುವ ಸಂಭವವಿರುವ ವಸ್ತುವಿಗೆ ಅದನ್ನು ಎಂದಿಗೂ ಸೇರಿಸಬಾರದು. ಮೆಂತ್ಯ, ಉಪ್ಪು ಮತ್ತು ಚೆನ್ನಾದ ಬಿಸಿಲು, ಈ ಮೂರು ಸಾಕು.

ಹಲಸಿನ ಒಳಭಾಗಕ್ಕೆ ಒಣ ಪತ್ರಿಕೆಯನ್ನು ಎರಡು ಮುಷ್ಟಿಯ ಗಾತ್ರಕ್ಕೆ ಬಿಗಿಯಾಗಿ ಉಂಡೆ ಮಾಡಿ, ಆಕಾರ ಬಿಡದಂತೆ ದಾರ ಸುತ್ತಬೇಕು. ಅದರ ಮೇಲೆ ಹಿಟ್ಟನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಒತ್ತುತ್ತಾ ಹಚ್ಚಿ, ತೊಟ್ಟಿನ ಜಾಗದಲ್ಲಿ ಕಾಫಿ ಗಿಡ ಸವರಿದಾಗ ಸಿಗುವ ಒಣ ಕಡ್ಡಿಯ ತುಂಡನ್ನು ನೆಟ್ಟು, ಒಂದು ಹಗಲು ನೆರಳಿನಲ್ಲಿ ಬಿಡಬೇಕು. ಮೇಲ್ಮೈ ಕೈಗೆ ಅಂಟದೆ, ಒತ್ತಿದರೆ ಇನ್ನೂ ತಗ್ಗುವ ಹದಕ್ಕೆ ಬಂದಾಗ ಮುಳ್ಳು ಎಬ್ಬಿಸುವ ಸಮಯ. ಸಣ್ಣ ಕತ್ತರಿಯ ಎರಡು ತುದಿಗಳನ್ನು ಓರೆಯಾಗಿ ಹಿಟ್ಟಿಗೆ ತಾಗಿಸಿ, ಅರ್ಧ ಸೆಂಟಿಮೀಟರಿನಷ್ಟು ಚಿವುಟಿ, ಪೂರ್ತಿ ಕತ್ತರಿಸದೆ ಮೇಲಕ್ಕೆ ಎತ್ತಿ ಬಿಟ್ಟರೆ ಒಂದು ಮುಳ್ಳು ನಿಲ್ಲುತ್ತದೆ. ತೊಟ್ಟಿನಿಂದ ಆರಂಭಿಸಿ ಸುತ್ತುತ್ತಾ ಕೆಳಗೆ ಇಳಿಯಬೇಕು. ಪ್ರತಿ ಸಾಲಿನ ಮುಳ್ಳು ಮೇಲಿನ ಸಾಲಿನ ಎರಡು ಮುಳ್ಳುಗಳ ನಡುವಿನ ಸಂದಿಗೆ ಬರುವಂತೆ ಚಿವುಟಬೇಕು. ಹಿಟ್ಟು ತೀರ ಹಸಿಯಿದ್ದರೆ ಮುಳ್ಳು ಕುಸಿಯುತ್ತದೆ, ತೀರ ಒಣಗಿದ್ದರೆ ಚೂರಾಗಿ ಉದುರುತ್ತದೆ. ನಾಲ್ಕು ಮುಳ್ಳು ಮಾಡಿದ ಮೇಲೆ ಆ ಹದ ಕೈಗೆ ತಾನಾಗಿ ತಿಳಿಯುತ್ತದೆ. ಮುಗಿದ ಮೇಲೆ ನಾಲ್ಕೈದು ದಿನ, ದಿನಕ್ಕೆ ಎರಡು ಸಲ ಹೊರಳಿಸುತ್ತಾ ಬಿಸಿಲಿಗಿಡಬೇಕು. ಎತ್ತಿ ನೋಡಿದಾಗ ಹಗುರವೆನಿಸಿ, ಉಗುರಿನಿಂದ ತಟ್ಟಿದಾಗ ಟೊಕ್ ಎಂಬ ಸದ್ದು ಬಂದರೆ ಒಳಗೂ ಒಣಗಿದೆ.

ಬಣ್ಣ ಹಚ್ಚುವುದರಲ್ಲಿ ಮಲೆನಾಡಿನ ಅಡುಗೆಮನೆಯೇ ಸಹಾಯಕ್ಕೆ ಬರುತ್ತದೆ. ಮೊದಲು ಹಳದಿ ಮತ್ತು ಹಸಿರು ಬೆರೆಸಿದ ಬಣ್ಣವನ್ನು ಸಂದುಗಳಿಗೂ ಸೇರುವಂತೆ ಹಚ್ಚಿ ಒಣಗಿಸಬೇಕು. ನೀರಿಗೆ ಕರಗುವ ಪೋಸ್ಟರ್ ಬಣ್ಣವಾದರೆ, ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿದ ಲೇಪವನ್ನು ಹಗುರವಾಗಿ ಮೇಲೆ ಹಚ್ಚಿ ಪುನಃ ಒಣಗಿಸಬೇಕು, ಇಲ್ಲವಾದರೆ ಮುಂದಿನ ಹಂತದಲ್ಲಿ ಬಣ್ಣ ಎದ್ದುಬರುತ್ತದೆ. ಅನಂತರ ಗಟ್ಟಿ ಕಾಫಿ ಡಿಕಾಕ್ಷನ್ನನ್ನು ಕುಂಚದಿಂದ ಹಣ್ಣಿನ ಮೇಲೆಲ್ಲ ಹರಿಯಬಿಟ್ಟು, ಕೂಡಲೇ ಹಳೆಯ ಬಟ್ಟೆಯಿಂದ ಮುಳ್ಳುಗಳ ತುದಿಯನ್ನಷ್ಟೇ ಒರೆಸಬೇಕು. ಕಂದು ಸಂದುಗಳಲ್ಲಿ ಉಳಿಯುತ್ತದೆ, ತುದಿಗಳು ತಿಳಿಯಾಗಿ ಎದ್ದು ನಿಲ್ಲುತ್ತವೆ, ಅದುವರೆಗೆ ಕಾಗದದ ಉಂಡೆಯಾಗಿದ್ದದ್ದು ಆ ಒಂದು ಒರೆಸಿನಲ್ಲಿ ಹಲಸಾಗುತ್ತದೆ.

ಮಾವು ಇದಕ್ಕಿಂತ ಸುಲಭ, ಆದರೆ ಜಾತಿಯ ಗುರುತು ಉಳಿಸಿಕೊಳ್ಳಬೇಕು. ರಸಪುರಿ ಗುಂಡಗೆ, ತೋತಾಪುರಿ ಉದ್ದಕ್ಕೆ ಇದ್ದು ತುದಿಯಲ್ಲಿ ಕೊಕ್ಕಿನಂತೆ ಬಾಗಿರುತ್ತದೆ. ಮೇಲ್ಮೈಯನ್ನು ಒದ್ದೆ ಬೆರಳಿನಿಂದ ಸವರಿ ನಯಮಾಡಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಬೇಕು. ಬಣ್ಣಕ್ಕೆ ಅರಿಶಿನವನ್ನೇ ಫೆವಿಕಾಲ್ ನೀರಿನಲ್ಲಿ ಕಲಸಿ ಹಚ್ಚಬಹುದು. ಅದಕ್ಕೇ ಒಂದಿಷ್ಟು ಸುಣ್ಣ ಸೇರಿಸಿದರೆ ಓಕುಳಿಯ ಕೆಂಪು ಬರುತ್ತದೆ, ಅದನ್ನು ಬಟ್ಟೆಯ ಉಂಡೆಯಿಂದ ತೊಟ್ಟಿನ ಸುತ್ತ ಒತ್ತಿದರೆ ಮಾಗಿದ ಹಣ್ಣಿನ ಕೆಂಪು ಛಾಯೆ ಮೂಡುತ್ತದೆ. ಸುಣ್ಣ ಕಣ್ಣಿಗೆ ಬೀಳದಂತೆ ಎಚ್ಚರವಿರಲಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಈ ಮಾವುಗಳು ಕಿಟಕಿಗಲ್ಲ, ಒಳಗಿನ ಮೇಜಿಗೇ ಸರಿ.

ಇವುಗಳನ್ನಿಟ್ಟ ತಟ್ಟೆಯಲ್ಲಿ ತಿನ್ನುವ ಪದಾರ್ಥಗಳನ್ನು ಇಡಬಾರದು. ಪತ್ರಿಕೆಯ ಶಾಯಿಯ ಕಾರಣದಿಂದಲೇ ಆಹಾರವನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರಲ್ಲೇ ಸೂಚನೆ ಹೊರಡಿಸಿದೆ. ಕಾಗದದ ಹಣ್ಣು ನೋಡುವುದಕ್ಕೆ ಮಾತ್ರ.

ಆಲೂಗಡ್ಡೆಯ ಅಚ್ಚು, ಹಳೆಯ ಸೀರೆಯ ಪರದೆ

ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರಾದದ್ದು. ಚೀಲದ ತಳದಲ್ಲಿ ಉಳಿದು ಹಸಿರು ತಿರುಗಿದ ಗಡ್ಡೆಗಳನ್ನು ತಿನ್ನಬಾರದು, ಅವುಗಳಲ್ಲಿ ಸೊಲನೈನ್ ಎಂಬ ವಿಷಕಾರಿ ಅಂಶ ಹೆಚ್ಚಾಗಿರುತ್ತದೆ. ಅಂಥ ಗಡ್ಡೆ ಸುಕ್ಕಾಗದೆ ಗಟ್ಟಿಯಾಗಿದ್ದರೆ ಅಚ್ಚಿಗೆ ಬರುತ್ತದೆ. ಅಗಲವಾದ ಚಾಕುವಿನಿಂದ ಒಂದೇ ಏಟಿಗೆ ಎರಡು ಹೋಳು ಮಾಡಬೇಕು; ಹಿಂದೆ ಮುಂದೆ ಗರಗಸದಂತೆ ಎಳೆದರೆ ಮುಖ ಸಮತಟ್ಟಾಗುವುದಿಲ್ಲ, ಅಚ್ಚು ಅರ್ಧಂಬರ್ಧ ಬೀಳುತ್ತದೆ. ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲಿಟ್ಟು ನೀರು ಹೀರಿಸಿ, ಪೆನ್ನಿನಿಂದ ನಿಂಬೆಯ ಬಿಲ್ಲೆ ಬರೆದುಕೊಳ್ಳಬೇಕು: ಹೊರಗೆ ಒಂದು ಉಂಗುರ, ಒಳಗೆ ಎಂಟು ತೊಳೆಗಳು, ನಡುವೆ ತೆಳುವಾದ ಗೆರೆಗಳು. ಗೆರೆಗಳ ಭಾಗವನ್ನು ಸಣ್ಣ ಚಾಕುವಿನಿಂದ 5 ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೆಯಬೇಕು. ಉಳಿದ ಎತ್ತರದ ಭಾಗವೇ ಬಟ್ಟೆಯ ಮೇಲೆ ಮೂಡುವುದು. ಇನ್ನೊಂದು ಹೋಳಿನಲ್ಲಿ ಒಂದು ಎಲೆ ಕೆತ್ತಿಕೊಂಡರೆ ಜೋಡಿಯಾಗುತ್ತದೆ.

ಹಳೆಯ ಹತ್ತಿ ಸೀರೆ ಅಥವಾ ಬಿಳಿ ಪಂಚೆಯನ್ನು ಗಂಜಿಯೆಲ್ಲ ಹೋಗುವಂತೆ ಒಗೆದು ಒಣಗಿಸಿ ಇಸ್ತ್ರಿ ಮಾಡಿ, ಮಡಿಸಿದ ಕಂಬಳಿಯ ಮೇಲೆ ಹರಡಬೇಕು. ಬರಿಯ ಮೇಜಿನ ಮೇಲೆ ಹರಡಿದರೆ ಅಚ್ಚಿನ ಅಂಚುಗಳು ಮಾತ್ರ ಮೂಡುತ್ತವೆ. ಅಚ್ಚನ್ನು ಬಣ್ಣದಲ್ಲಿ ಅದ್ದದೆ, ಸ್ಪಂಜಿನ ತುಂಡಿನಿಂದ ಬಣ್ಣವನ್ನು ತೆಳುವಾಗಿ ತಟ್ಟಿ, ಮೊದಲು ಪತ್ರಿಕೆಯ ಮೇಲೆ ಒಂದೆರಡು ಬಾರಿ ಒತ್ತಿ ನೋಡಿ, ಆಮೇಲೆ ಬಟ್ಟೆಗೆ ನೇರವಾಗಿ ಇಳಿಸಿ ನೇರವಾಗಿಯೇ ಎತ್ತಬೇಕು. ಸಾಲು ಸಾಲಾಗಿ ಒತ್ತುವ ಬದಲು ಪರದೆಯ ಕೆಳಗಿನ ಒಂದು ಮೊಳದಲ್ಲಿ ಒತ್ತೊತ್ತಾಗಿ, ಮೇಲಕ್ಕೆ ಹೋದಂತೆ ವಿರಳವಾಗಿ ಒತ್ತಿದರೆ ಚೆನ್ನ. ಅಚ್ಚು ಒಂದು ದಿನಕ್ಕೆ ಬಾಳುತ್ತದೆ, ನಾಳೆಗೂ ಬೇಕೆಂದರೆ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಬೇಕು. ಬಣ್ಣ 24 ಗಂಟೆ ಒಣಗಿದ ಮೇಲೆ ಬಟ್ಟೆಯ ಹಿಂಭಾಗದಿಂದ ಬಿಸಿ ಇಸ್ತ್ರಿ ಹಾಯಿಸಿದರೆ ಒಗೆದಾಗ ಬಿಡುವುದಿಲ್ಲ. ಉಳಿದ ತುಂಡುಗಳಲ್ಲಿ ದಿಂಬಿನ ಚೀಲ, ಲೋಟದಡಿಯ ಬಿಲ್ಲೆಗಳನ್ನು ಹೊಲಿದುಕೊಳ್ಳಬಹುದು.

ಕರಟದ ಬೆಣ್ಣೆಹಣ್ಣು

ಕಾಫಿ ತೋಟಗಳ ನಡುವೆ ಬೆಳೆಯುವ ಬೆಣ್ಣೆಹಣ್ಣನ್ನು ಎರಡು ಹೋಳು ಮಾಡಿದಾಗ ಕಾಣುವ ನೋಟಕ್ಕೆ ಕರಟಕ್ಕಿಂತ ಒಳ್ಳೆಯ ವಸ್ತು ಇಲ್ಲ. ಕಾಯಿ ತುರಿದು ಖಾಲಿಯಾದ ಕರಟದ ಹೊರಗಿನ ನಾರನ್ನು ಕೆರೆದು ಉಪ್ಪುಕಾಗದದಿಂದ ತಿಕ್ಕಿ, ಹೊರಗೆ ಕಪ್ಪುಬೆರೆತ ಹಸಿರು, ಒಳ ಅಂಚಿನಲ್ಲಿ ತಿಳಿಹಸಿರು, ಒಳಗೆ ಬೆಣ್ಣೆಯ ಹಳದಿ ಹಚ್ಚಿ, ನಡುವೆ ಒಂದು ಸುಲಿದ ಒಣ ಅಡಿಕೆಯನ್ನು ಬೀಜವಾಗಿ ಅಂಟಿಸಬೇಕು. ಅಡಿಕೆ ಅಂಟಿಸದೆ ಬಿಟ್ಟರೆ ಕೀಲಿಕೈ, ಸೂಜಿ, ಗುಂಡಿಗಳನ್ನು ಹಾಕಿಡಲು ಬರುತ್ತದೆ.

ಕಾಫಿಯೂ ಹಣ್ಣೇ ಅಲ್ಲವೇ ಎಂದು ಕೆಲವರು ಚೆರಿ ಕಾಫಿಯನ್ನು, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣನ್ನು, ಗಾಜಿನ ಬಟ್ಟಲಿನಲ್ಲಿ ತುಂಬಿ ಮೇಜಿಗೆ ಇಡುತ್ತಾರೆ, ನೋಡಲು ಚೆನ್ನಾಗಿಯೂ ಇರುತ್ತದೆ. ಕಣದಲ್ಲಿ ಪೂರ್ತಿ ಒಣಗಿದ್ದನ್ನೇ ಬಳಸಬೇಕು. ತೇವ ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಬೆಳೆದು ತೋಟಕ್ಕೇ ತೊಂದರೆಯಾಗುತ್ತದೆ.

ಜೀವಂತವಾಗಿರುವವು

ಅನಾನಸಿನ ಜುಟ್ಟನ್ನು ತಿರುಚಿ ಕಿತ್ತು, ತಳದ ಕೆಲವು ಎಲೆಗಳನ್ನು ಸುಲಿದು, ಗಾಯ ಮಾಯಲು ಎರಡು ಮೂರು ದಿನ ನೆರಳಿನಲ್ಲಿಟ್ಟು ಕುಂಡದಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಬೆಣ್ಣೆಹಣ್ಣಿನ ಬೀಜದ ಅಗಲವಾದ ತಳ ನೀರಿಗೆ ತಾಗುವಂತೆ ಮೂರು ಕಡ್ಡಿಗಳನ್ನು ಚುಚ್ಚಿ ಗಾಜಿನ ಲೋಟದ ಬಾಯಿಯ ಮೇಲೆ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಕೆಲವು ವಾರಗಳಲ್ಲಿ ಸೀಳಿ ಬೇರು ಇಳಿಸುತ್ತದೆ. ನೀರು ಬದಲಿಸುವುದನ್ನು ಮರೆತರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಆ ಹೊಣೆ ಹೊರಲಾಗದವರು ನೇರವಾಗಿ ಮಣ್ಣಿಗೇ ಹಾಕುವುದು ಒಳಿತು.

ಮಳೆಗಾಲಕ್ಕೆ ಮುನ್ನ

ಮೇ ತಿಂಗಳ ಕೊನೆಯ ವಾರದಲ್ಲಿ, ಗುಡುಗು ಆರಂಭವಾಗುವ ಹೊತ್ತಿಗೆ, ಎಲ್ಲವನ್ನೂ ಇಳಿಸಬೇಕು. ಮಲೆನಾಡಿನ ಕಡೆ ಇದರಲ್ಲಿ ಒಂದು ವಾರದ ಸೋಮಾರಿತನಕ್ಕೂ ಅವಕಾಶವಿಲ್ಲ. ಮೂಸಂಬಿ, ನಿಂಬೆಯ ಬಿಲ್ಲೆಗಳನ್ನು ಮುಂದಿನ ವರ್ಷಕ್ಕೆ ಉಳಿಸುವ ಆಸೆ ಬೇಡ, ಗೊಬ್ಬರದ ಗುಂಡಿಗೆ ಹಾಕಿ ದಾರವನ್ನು ಮಾತ್ರ ಎತ್ತಿಡಬೇಕು. ಕಾಗದದ ಹಣ್ಣುಗಳು, ಕಲ್ಲಂಗಡಿಯ ಮಾಲೆಗಳನ್ನು ಒಂದು ಪೂರ್ತಿ ದಿನ ಬಿಸಿಲಿಗೆ ಕಾಯಿಸಿ, ಬಿಸಿ ಆರಿದ ಮೇಲೆ (ಬಿಸಿಯಾಗಿದ್ದಾಗಲೇ ಮುಚ್ಚಿದರೆ ಡಬ್ಬಿಯೊಳಗೆ ಬೆವರುತ್ತದೆ) ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಒಣ ಬೇವಿನ ಎಲೆ ಮತ್ತು ಬಟ್ಟೆಯಲ್ಲಿ ಕಟ್ಟಿದ ಒಂದು ತುಂಡು ಇದ್ದಿಲಿನೊಂದಿಗೆ ಇಡಬೇಕು. ಸೌದೆ ಒಲೆ ಉರಿಯುವ ಮನೆಯಾದರೆ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದೇ ಸರಿ. ಮುದ್ರಿಸಿದ ಪರದೆಯನ್ನು ಒಗೆದು ಒಣಗಿಸಿ, ಬಣ್ಣದ ಮುಖ ಒಳಗೆ ಬರುವಂತೆ ಮಡಿಸಿ, ಮಡಿಕೆಗಳ ನಡುವೆ ತೆಳು ಬಟ್ಟೆ ಹಾಕಿ ಪೆಟ್ಟಿಗೆಯ ಮೇಲ್ಭಾಗದಲ್ಲಿಡಬೇಕು. ಮಳೆಯ ನಡುವೆ ಒಂದು ಹಗಲು ಬಿಸಿಲು ಬಿದ್ದರೆ ಡಬ್ಬಿಯನ್ನು ತೆರೆದು ಎಲ್ಲವನ್ನೂ ಹೊರತೆಗೆದು ನೋಡಿ, ಎಲ್ಲಾದರೂ ಬಿಳಿ ಚುಕ್ಕೆ ಕಂಡರೆ ಒಣ ಬಟ್ಟೆಯಿಂದ ಒರೆಸಿ ಬಿಸಿಲು ತೋರಿಸಿ, ಇದ್ದಿಲನ್ನು ಬದಲಿಸಿ ಮುಚ್ಚಿಡಬೇಕು.